ಗುಡ್ಡದ ಮೇಲೆ ಪೇರಿಸಿದ ಕಲ್ಲು

ಮನೆಯವರಿಗೆ,

ನೀವು ಇದನ್ನು ಓದುವುದಿಲ್ಲ. ಬದುಕಿದ್ದಾಗಲೂ ನನ್ನ ಮಾತಿಗೆ ಕಿವಿಗೊಟ್ಟವರಲ್ಲ.

ನಿನ್ನೆ ಮೊಮ್ಮಗಳು ವಿಶಾಖಾ ಬೆಟ್ಟದ ಉದ್ಯಾನ ತೋರಿಸಲು ಕರೆದೊಯ್ದಳು. ತುದಿಯಲ್ಲಿ ರಾಜರ ಕಾಲದ ಊರಿದೆ, ಗೋಡೆಗಳಿವೆ, ಜನರಿಲ್ಲ. ಹಾಳು ಗುಡಿಯ ಮುಂದೆ ಯಾರೋ ಸ್ವಂತ ಮನೆಯಾಗಲೆಂದು ಬೇಡಿಕೊಂಡು ಕಲ್ಲು ಪೇರಿಸಿದ್ದರು. ಕಲ್ಲೂರಿನ ಗುಡಿಸಲಲ್ಲಿದ್ದಾಗ ಹೋದ ಗುಡ್ಡದಲ್ಲೆಲ್ಲ ನಾವೂ ಪೇರಿಸುತ್ತಿದ್ದೆವಲ್ಲ; ನನ್ನ ಕೈ ತಾನಾಗಿ ಕಲ್ಲು ಹುಡುಕಿ ಪೇರಿಸತೊಡಗಿತು.

“ರಾಯಚೂರಾಗ ಮನಿ ಕಟ್ಟೀವಲ್ಲ ಯವ್ವಾ, ಇನ್ಯಾರ ಸಲುವಾಗಿ ಬೇಡಾಕತ್ತಿ?” ಎಂದಳು ವಿಶಾಖಾ.

“ನಿಮ್ಮಜ್ಜಗ. ಬಾಗಲಾ ಕೂಡ್ಸೋತನಕನೂ ನಿಲ್ಲಲಿಲ್ಲ ಆ ಮನಷ್ಯಾ.”

ಅವಳು ನಗಲಿಲ್ಲ. ಕಾವಲುಗಾರ ಬಂದು, ಇಲ್ಲಿ ಕಲ್ಲು ಕದಲಿಸಬಾರದು ಎಂದ. ನಾನು ಪೇರಿಸಿದ್ದನ್ನು ಒಂದೊಂದೇ ತೆಗೆದು ಮೊದಲಿದ್ದಲ್ಲೇ ಇಟ್ಟೆ. ಕೊನೆಯ ಕಲ್ಲು ಎಲ್ಲಿಯದೆಂದು ನೆನಪಾಗಲಿಲ್ಲ. ಹಿಡಿದುಕೊಂಡೇ ಬಸ್ಸು ಹತ್ತಿದೆ.