ಹೊಳೆಯಾಚೆಯ ರುಬಾಬ್

ಖೊರೋಗ್,
೧೪ ಅಕ್ಟೋಬರ್ ೨೦೧೩

ಪ್ರೀತಿಯ ಸವ್ಸನ್ ಅತ್ತಿಗೆಗೆ,

ಯಾ ಅಲಿ ಮದದ್. ದುಶಾನ್ಬೆಯ ಹವಾ ನಿಮ್ಮ ಮೊಣಕಾಲಿಗೆ ಒಗ್ಗಿತೆ? ನೀವು ಕಳಿಸಿದ ಚಹಾಪುಡಿ ತಲುಪಿ ಬಹಳ ದಿನವಾಯಿತು. ಇಷ್ಟು ತಡವಾಗಿ ಬರೆಯುತ್ತಿದ್ದೇನೆಂದು ಬೈದುಕೊಳ್ಳಬೇಡಿ. ಪೆನ್ನು ಹಿಡಿದಾಗಲೆಲ್ಲ ಕೈ ಹಿಂದೆ ಸರಿಯುತ್ತಿತ್ತು.

ಹೋದ ತಿಂಗಳು ಇಶ್ಕಾಶಿಮ್‌ನ ಸೇತುವೆ ಬಳಿಯ ಶನಿವಾರದ ಸಂತೆಗೆ ಹೋಗಿದ್ದೆ. ಈಗ ಗಡಿಯ ಹೊಳೆ ದಾಟಿ ಆಚೆ ದಡದ ದೇಶದವರೂ ಬರುತ್ತಾರಲ್ಲ. ಸೈನಿಕರ ತಪಾಸಣೆ ಮುಗಿಸಿ ಒಳಗೆ ಕಾಲಿಟ್ಟಿದ್ದೆನಷ್ಟೇ, ನನ್ನ ರುಬಾಬ್ ಕೇಳಿಸಿತು. ಹೌದು, ನನ್ನದೇ. ಅಪ್ಪ ಅಂಗಳದ ಹಿಪ್ಪುನೇರಳೆ ಮರದಲ್ಲಿ ಕೆತ್ತಿ, ಏಳು ವರ್ಷದವನ ತೊಡೆಯ ಮೇಲಿಟ್ಟದ್ದು. ಅದರ ಮಂದ್ರದ ತಂತಿ ಮೀಟಿದರೆ ಒಡಲಿನಿಂದ ಸಣ್ಣ ಗೊರಗೊರ ಏಳುತ್ತಿತ್ತು, ಪಕ್ಕದಲ್ಲಿ ಯಾರೋ ಮಲಗಿ ಉಸಿರಾಡಿದ ಹಾಗೆ. ಆಮೇಲೆ ಎಷ್ಟು ಒಳ್ಳೆಯ ವಾದ್ಯಗಳು ಬಂದವು! ಆ ಉಸಿರು ಯಾವುದರಲ್ಲೂ ಇರಲಿಲ್ಲ. ಶಾಲೆಯ ಮಕ್ಕಳ ವಾದ್ಯಕ್ಕೆ ಶ್ರುತಿ ಮಾಡುವಾಗಲೂ ಕಿವಿ ಅದನ್ನೇ ಹುಡುಕುತ್ತಿತ್ತು.

ಯುದ್ಧದ ಚಳಿಗಾಲದಲ್ಲಿ ಯೋರ್‌ಬೇಕ್ ಅಣ್ಣ ಅದನ್ನು ಬೆನ್ನಿಗೆ ಬಿಗಿದುಕೊಂಡೇ, ಆಚೆ ದಡಕ್ಕೆ ಪಾರಾಗಲೆಂದು ಹೊಳೆಗಿಳಿದ. ದಡದಲ್ಲಿ ಅವನ ಟೋಪಿ ಸಿಕ್ಕಿತು. ಅವನೂ ರುಬಾಬೂ, ಇಬ್ಬರೂ ನೀರುಪಾಲಾದರೆಂದೇ ನಂಬಿದ್ದೆವು.

ನುಡಿಸುತ್ತಿದ್ದವನು ಮೀಸೆ ಚಿಗುರಿದ ತರುಣ. ಒಣ ಏಪ್ರಿಕಾಟಿನ ಮೂಟೆಯ ಮೇಲೆ ಕೂತಿದ್ದ.

"ಏನ್ ಕಾಕಾ, ದೆವ್ವ ಕಂಡೋರ ಹಂಗೆ ನಿಂತ್ರಿ? ಹಣ್ಣು ಬೇಕಾ, ಹಾಡು ಬೇಕಾ?"

"ಒಂದ್ಸಲ ಕೊಡಪ್ಪಾ ಅದನ್ನ."

"ಬಾರಿಸೋಕೆ ಬರುತ್ತಾ? ತಂತಿ ಕಿತ್ತುಹಾಕೀರಿ ಮತ್ತೆ!"

ತೊಡೆಗೇರಿಸಿಕೊಂಡೆ. ಕತ್ತಿನಲ್ಲಿ ನನ್ನ ಹೆಬ್ಬೆರಳು ಸವೆಸಿದ್ದ ಗುಳಿ ಹಾಗೇ ಇತ್ತು. ಬೆರಳು ದಪ್ಪಗಾಗಿದೆ, ಅದರೊಳಗೆ ಕೂರಲಿಲ್ಲ. ಅಪ್ಪ ತಾವೇ ಕಟ್ಟಿ ನಮಗೆ ಕಲಿಸಿದ್ದ ಧಾಟಿಯನ್ನು ನುಡಿಸಿದೆ. ಹುಡುಗನ ನಗು ನಿಂತಿತು.

"ಇದು ನಿಮಗೆ ಹ್ಯಾಗ್ ಗೊತ್ತು ಕಾಕಾ? ನಮ್ಮನೆ ಬಿಟ್ರೆ ಯಾರಿಗೂ ಬರಲ್ಲ."

ಅದು ಅವನ ಮನೆ ಸೇರಿದ್ದು ಹೇಗೆಂದು ಆಮೇಲೆ ಹೇಳಿದ. ಸಂತೆ ಮುಗಿಯುವ ಸೀಟಿ ಊದಿದಾಗ, "ತಗೊಂಡ್ಹೋಗಿ, ನಿಮ್ದೇ ಅಲ್ವಾ" ಎಂದು ಎರಡೂ ಕೈಯಲ್ಲಿ ಚಾಚಿದ. ಕೇಳಿದ್ದೆಲ್ಲ ಕೇಳಿದ ಮೇಲೆ ಅದನ್ನು ತೆಗೆದುಕೊಳ್ಳಲು ನನಗೆ ಕೈ ಬರಲಿಲ್ಲ. ಅವನು ಅದನ್ನು ಹೊತ್ತುಕೊಂಡು ಸೇತುವೆ ದಾಟುವುದನ್ನು ನೋಡುತ್ತ ನಿಂತೆ. ಈಗ ಸಂಜೆಯಾದರೆ ನನ್ನ ತೊಡೆ ತಣ್ಣಗಾಗುತ್ತದೆ. ಬೆನ್ನ ಹಿಂದೆ ಮಂದ್ರದ ತಂತಿ ಮಿಡಿದಂತಾಗಿ ತಿರುಗುತ್ತೇನೆ, ಯಾರೂ ಇರುವುದಿಲ್ಲ.

ಮೌಲಾ ನಿಮ್ಮ ಮನೆಯನ್ನು ಬೆಚ್ಚಗಿಡಲಿ. ಮೊಮ್ಮಗಳ ಹಣೆಗೆ ನನ್ನ ಮುತ್ತು.

ನಿಮ್ಮ ಮೈದುನ,
ಕದಮ್‌ಶೋ

ತಾ.ಕ.: ಅತ್ತಿಗೆ, ಇದನ್ನು ಕೂತು ಓದಿ. ಆ ಹುಡುಗ ಅಣ್ಣನ ಮಗ. ಅಣ್ಣ ಮುಳುಗಿರಲಿಲ್ಲ; ನಮ್ಮೂರಿಗೆ ಎದುರಾಗಿರುವ ಆಚೆ ದಡದ ಹಳ್ಳಿಯಲ್ಲೇ ಇನ್ನೊಂದು ಸಂಸಾರ ಹೂಡಿದ್ದ. ಮೂರು ವರ್ಷದ ಹಿಂದೆ ತೀರಿಕೊಂಡ. "ಸಂಜೆ ಆದ್ರೆ ಅಪ್ಪ ಹೊಳೆ ಕಡೆ ಮುಖ ಮಾಡ್ಕೊಂಡು ಬಾರಿಸ್ತಾ ಕೂರೋರು. ಆ ಕಡೆ ಯಾರಿದಾರೆ ಅಂತ ಕೇಳಿದ್ರೆ ತಂತಿ ಇನ್ನೂ ಜೋರಾಗಿ ಮೀಟೋರು" ಎಂದ ಹುಡುಗ. ಆ ವರ್ಷಗಳಲ್ಲಿ ಸಂಜೆಯಾದರೆ ನೀವು ರೊಟ್ಟಿ ಒಲೆಯಲ್ಲೇ ಬಿಟ್ಟು ದಡಕ್ಕೆ ಓಡುತ್ತಿದ್ದಿರಿ. "ಅವ್ರು ಬಾರಿಸ್ತಿದಾರೆ, ಕೇಳ್ರೋ!" ಎನ್ನುತ್ತಿದ್ದಿರಿ. ನೀರಿನ ಸದ್ದೆಂದು ಸಮಾಧಾನ ಹೇಳಿ ನಾವು ಒಳಗೆ ಕರೆತರುತ್ತಿದ್ದೆವು. ಆ ರುಬಾಬಿನ ದನಿ ನನಗೊಬ್ಬನಿಗೇ ಗೊತ್ತೆಂದುಕೊಂಡಿದ್ದೆ. ಕೇಳಿಸುತ್ತಿದ್ದುದು ನಿಮಗೆ.