ಗಂಡು ಕತ್ತೆಯ ಬಾಣಂತನ

ಮಾನ್ಯ ಜಿಲ್ಲಾ ನ್ಯಾಯಾಧೀಶರೇ,

ಗಂಡೆಂದು ಹೇಳಿ ನನಗೆ ಮಾರಿದ ಕತ್ತೆ ಮರಿ ಹಾಕಿತು. ಆದರೂ ಒಪ್ಪಂದ ರದ್ದಾಗದು ಎಂದು ತಾವು ತೀರ್ಪಿತ್ತಿರಿ. ಡರ್ಬಿಶೈರಿನ ಈ ಗುಡ್ಡಗಳ ನಡುವೆ ಮೂವತ್ತೊಂದು ವರ್ಷ ಅಂಚೆ ಕಚೇರಿ ನಡೆಸಿದ ನಾನು ವಿಚಿತ್ರ ಕಾಗದಗಳನ್ನು ಸಾಕಷ್ಟು ಕಂಡಿದ್ದೇನೆ. ತಮ್ಮ ತೀರ್ಪಿನಂಥದ್ದನ್ನು ಕಂಡಿರಲಿಲ್ಲ.

ನನ್ನ ಯಜಮಾನರು ತೀರಿಕೊಂಡ ಮೇಲೆ, ಅವರು ಸಾಕಿದ್ದ ಬಾರ್ನಬಿ ಎಂಬ ಗಂಡು ಕತ್ತೆ ಮೇವು ಬಿಟ್ಟು ಬಾಗಿಲನ್ನೇ ನೋಡುತ್ತ ನಿಂತುಬಿಟ್ಟಿತು. ಅದಕ್ಕೊಂದು ಜೊತೆ ಬೇಕಿತ್ತು. ಮರಿಗಳ ಗೊಡವೆ ಬೇಡವೆಂದು ಗಂಡೇ ಹುಡುಕಿದೆ. ಕತ್ತೆ ವ್ಯಾಪಾರಿ ಕತ್ಬರ್ಟ್ ರೇಕ್ಸ್‌ನನ್ನು ಎರಡೆರಡು ಸಲ ಕೇಳಿದೆ.

"ಅಮ್ಮಾ, ನಾನೇ ಎದುರಿಗೆ ನಿಂತು ಬೀಜ ಒಡೆಸಿದ ಗಂಡು ಇದು. ಬೈಬಲ್ ಮುಟ್ಟಿ ಹೇಳ್ಲಾ?" ಎಂದ. ಹಾಗೆಂದು ಬರೆದೂ ಕೊಟ್ಟ. ಆ ಮಾತು ನಂಬಿಯೇ ಕೊಂಡೆ.

ನಾಲ್ಕು ತಿಂಗಳಾದ ಮೇಲೆ, ಏಸು ಕತ್ತೆಯೇರಿ ಬಂದ ನೆನಪಿಗೆ ನಡೆಸುವ ಗರಿಗಳ ಭಾನುವಾರದ ಮೆರವಣಿಗೆಗೆ ಈ ಹೊಸ ಕತ್ತೆಯನ್ನು ಕರೆದೊಯ್ದರೆ, ಅದು ಚರ್ಚಿನ ಬಾಗಿಲಲ್ಲೇ ಮಲಗಿತು. ಪಾದ್ರಿಗಳು ಬಗ್ಗಿ ನೋಡಿದರು.

"ವಿನಿಫ್ರೆಡಮ್ಮ, ಇದು ಗಂಡು ಅಂದಿದ್ರಲ್ಲ?"

"ಕಾಗದದಲ್ಲಿ ಹಾಗೇ ಇದೆ ಸ್ವಾಮಿ."

"ಕಾಗದ ಆಮೇಲೆ ನೋಡೋಣ. ಎರಡು ಕಾಲು ಹೊರಗೆ ಬಂದಿವೆ, ಯಾರಾದ್ರೂ ಟವೆಲ್ ತನ್ನಿ!"

ಒಪ್ಪಂದ ರದ್ದು ಮಾಡಿಸಿ ಹಣ ವಾಪಸು ಕೊಡಿಸಿರೆಂದು ತಮ್ಮ ಮುಂದೆ ಬಂದಾಗ ತಾವು ಕೇಳಿದ ಮೊದಲ ಪ್ರಶ್ನೆ, ಕೊಳ್ಳುವಾಗ ಬಾಲ ಎತ್ತಿ ನೋಡಲಿಲ್ಲವೇಕೆ ಎಂಬುದು. ಸುಳ್ಳು ಹೇಳಿ ಒಪ್ಪಂದ ಮಾಡಿಸಿದವನು "ನೀವೇ ಪರೀಕ್ಷಿಸಬಹುದಿತ್ತು" ಎಂದು ಪಾರಾಗುವಂತಿಲ್ಲವೆಂಬುದು ಈ ದೇಶದ ಕಾನೂನಿನಲ್ಲಿ ನನ್ನ ಅಜ್ಜಿ ಹುಟ್ಟುವ ಮೊದಲೇ ಇತ್ಯರ್ಥವಾದ ಮಾತಲ್ಲವೇ? ತಪ್ಪು ನಿರೂಪಣೆ ನಡೆದಿದೆಯೆಂದು ಕೊನೆಗೆ ತಾವೂ ಒಪ್ಪಿದಿರಿ. ಆದರೆ ಪಡೆದದ್ದನ್ನು ಪಡೆದಂತೆಯೇ ಹಿಂದಿರುಗಿಸಬೇಕಂತೆ. ನಾನು ಒಂದು ಒಯ್ದು ಎರಡು ತಂದಿದ್ದೇನಂತೆ. "ಮರಿಯನ್ನು ಮತ್ತೆ ಒಳಗೆ ಸೇರಿಸಬಲ್ಲಿರಾ?" ಎಂದು ತಾವು ಗಂಭೀರವಾಗಿ ಕೇಳಿದಿರಿ. ಆಗದೆಂದು ನಾನೂ ಗಂಭೀರವಾಗಿಯೇ ಉತ್ತರಿಸಿದೆ. ಸಾಲದ್ದಕ್ಕೆ, ಬಾಣಂತಿಗೆ ಬೆಚ್ಚಗೆ ಬೂಸಾ ಕಲಸಿ ಕೊಟ್ಟದ್ದರಿಂದ ಒಪ್ಪಂದವನ್ನು ನಾನು ಅನುಮೋದಿಸಿದಂತಾಯಿತಂತೆ! ಉಪವಾಸ ಕೆಡವಿದ್ದರೆ ನ್ಯಾಯ ಸಿಗುತ್ತಿತ್ತೇ?

ಹೊರಗೆ ಬಂದರೆ ರೇಕ್ಸ್ ಕಾದು ನಿಂತಿದ್ದ.

"ಅಮ್ಮಾ, ನಾನು ಮಾರಿದ್ದು ಒಂದೇ ಕತ್ತೆ. ಮರಿ ನಂದು, ಕೊಟ್ಬಿಡಿ."

"ನೀನು ಮಾರಿದ್ದು ಗಂಡು ಕಣಯ್ಯ. ಗಂಡಿನ ಹೊಟ್ಟೇಲಿ ನಿನ್ನ ಮರಿ ಹೇಗೆ ಬಂತು?"

ಅವನು ನೇರ ವಕೀಲರ ಬಳಿ ನಡೆದ. ಮರುವಾರವೇ ಮರಿಗಾಗಿ ದಾವೆ ಹೂಡಿದ. ಅದು ಗಬ್ಬದ ಹೆಣ್ಣೆಂದು ತನಗೆ ಮೊದಲೇ ಗೊತ್ತಿತ್ತೆಂದು ಅದರಲ್ಲಿ ತಾನೇ ಬರೆದುಕೊಂಡಿದ್ದಾನೆ!

ಇಷ್ಟರಲ್ಲಿ ಬಾರ್ನಬಿ ಮರಿಯ ಪಕ್ಕ ನಿಂತು ಮೇವು ತಿನ್ನತೊಡಗಿದೆ. ಆದ್ದರಿಂದ ನನಗೀಗ ರದ್ದತಿ ಬೇಡ. ಇಟ್ಟುಕೊಳ್ಳುವುದೋ ಬಿಡುವುದೋ ಮೋಸಹೋದವಳ ಆಯ್ಕೆ, ಮೋಸಗಾರನದಲ್ಲ. ಅವನ ದಾವೆಯನ್ನು ವಜಾ ಮಾಡಿ. ಹಾಗೆಯೇ ತೀರ್ಪಿನ ಏಳನೇ ಪುಟದ "ಸದರಿ ಗಂಡು ಕತ್ತೆಯು ಆರೋಗ್ಯವಂತ ಮರಿಗೆ ಜನ್ಮ ನೀಡಿದೆ" ಎಂಬ ಸಾಲನ್ನು ದಯವಿಟ್ಟು ತಿದ್ದಿ. ಅದನ್ನು ಓದಿದ ಮೂವರು ಪಶುವೈದ್ಯ ಪ್ರಾಧ್ಯಾಪಕರು ಈಗಾಗಲೇ ನನ್ನ ಅಂಗಳದಲ್ಲಿ ಡೇರೆ ಹಾಕಿದ್ದಾರೆ.

ಇಂತಿ,
ನ್ಯಾಯ ಕೇಳಹೋಗಿ ಪ್ರಾಧ್ಯಾಪಕರಿಗೆ ಚಹಾ ಕಾಯಿಸುತ್ತಿರುವ
ವಿನಿಫ್ರೆಡ್ ಓಲೆರೆನ್‌ಶಾ