ಗೀಟು ಮಾಯವಾದ ಮಾತ್ರೆಯನ್ನು ಅರ್ಧ ಮಾಡುವುದು ಹೇಗೆ?

ಮಾನ್ಯ ಔಷಧ ತಪಾಸಣಾಧಿಕಾರಿಗಳೇ,

ತಾವು ಪಾಸು ಮಾಡಿ ಕಳಿಸುತ್ತಿರುವ ಫಿಟ್ಸ್ ಮಾತ್ರೆಯ ನಡುವೆ ಇರಬೇಕಾದ ಗೀಟು ಮಾಯವಾಗಿದೆ. ನನ್ನ ಮಗಳು ಶಿವಲೀಲಳಿಗೆ ಡಾಕ್ಟರು ಬರೆದಿರುವುದು ಬೆಳಿಗ್ಗೆ ಅರ್ಧ, ರಾತ್ರಿ ಅರ್ಧ. ಹಿಂದೆ ಉಗುರಿನಿಂದ ಒತ್ತಿದರೆ ಸಾಕು, ಮಾತ್ರೆ ಜಗಳವಿಲ್ಲದೆ ಎರಡು ಪಾಲಾಗುತ್ತಿತ್ತು. ಈಗ ಅಡಕತ್ತರಿಯೇ ಗತಿ. ಒಂದು ತುಂಡು ಮುಕ್ಕಾಲು, ಇನ್ನೊಂದು ಕಾಲು, ಪುಡಿಯಾದದ್ದು ನೆಲದ ಪಾಲು. ಕೆಲವು ಮಾತ್ರೆಗಳಂತೂ ಮೇಲಿನ ಪದರ ಕಳಚಿಕೊಂಡು, ಶೀಶೆಯಲ್ಲೇ ಟೋಪಿ ತೆಗೆದು ನಮಸ್ಕಾರ ಮಾಡುತ್ತವೆ. ಎಂಥ ವಿನಯ!

ನಮ್ಮ ಡಾಕ್ಟರು ಮಾತ್ರೆಯನ್ನು ಬೆಳಕಿಗೆ ಹಿಡಿದು, "ಕಾರ್ಖಾನೇಲಿ ಪುಡಿ ಒತ್ತೋ ಅಚ್ಚು ಸವೆದೈತೆ ಕಣ್ರಿ. ಹೊಸದು ಹಾಕ್ದೆ ಹಂಗೇ ಓಡಿಸ್ತಾ ಅವ್ರೆ" ಎಂದರು. ತಮಗೆ ದೂರು ಬರೆದೆ. "ಮಾತ್ರೆಯ ತೂಕ ಸರಿಯಿದೆ. ರೋಗಿಯ ಕಡೆಯವರು ಎಚ್ಚರಿಕೆಯಿಂದ ಮುರಿಯತಕ್ಕದ್ದು" ಎಂದು ಅಪ್ಪಣೆಯಾಯಿತು. ಆಹಾ! ಇಡೀ ಮಾತ್ರೆಯ ತೂಕ ಸರಿಯಿರಬಹುದು ಸ್ವಾಮಿ, ನನ್ನ ಮಗಳು ನುಂಗುವುದು ಅರ್ಧವನ್ನಲ್ಲವೇ? ನಾನು ಬಟ್ಟೆ ವ್ಯಾಪಾರಿ. ನನ್ನ ಮೀಟರ್ ಕಡ್ಡಿಯ ತುದಿ ಸವೆದರೆ ಸರ್ಕಾರದವರು ಬಂದು ದಂಡ ಹಾಕುತ್ತಾರೆ. ಲಂಗದ ಬಟ್ಟೆ ಬೆರಳಗಲ ಕಡಿಮೆಯಾದರೆ ಅಪರಾಧ, ಮಗುವಿನ ಔಷಧಿ ಕಡಿಮೆಯಾದರೆ ತಾಯಿತಂದೆಯ ಅಜಾಗರೂಕತೆಯೇ? ಬೀಸುವ ಕಲ್ಲು ಸವೆದರೆ ನಮ್ಮ ಹೆಂಗಸರು ಬೀದಿಯಲ್ಲಿ ಕೂಗಿಕೊಂಡು ಬರುವವನನ್ನು ಕರೆದು ಉಳಿಯಿಂದ ಮುಳ್ಳು ಹಾಕಿಸುತ್ತಾರೆ. ಅವನನ್ನು ಆ ಕಾರ್ಖಾನೆಯ ಬೀದಿಗೆ ಕಳಿಸಿಕೊಡಲೇ?

ಮೊನ್ನೆ ಶಿವಲೀಲಳಿಗೆ ಲೆಕ್ಕದ ಪರೀಕ್ಷೆ. ದೊಡ್ಡ ತುಂಡು ನುಂಗಿದ ದಿನ ಹುಡುಗಿ ಕೂತಲ್ಲೇ ನಿದ್ದೆ ಹೋಗುತ್ತಾಳೆ. ಅದಕ್ಕೇ ನನ್ನ ಹೆಂಡತಿ ಸರ್ವಮಂಗಳ ಸಣ್ಣ ತುಂಡನ್ನು ಆರಿಸಿ ಕೊಟ್ಟಳು. ಪ್ರಶ್ನೆಪತ್ರಿಕೆ ಕೈಗೆ ಬರುವ ಮುಂಚೆಯೇ ಮಗಳು ಶಾಲೆಯ ಮೆಟ್ಟಿಲ ಮೇಲೆ ಬಿದ್ದಳು. ಹಣೆ ಒಡೆಯಿತು. "ತೂಕಡಿಸಬಾರ್ದು ಅಂತ ಮಾಡಿದ್ನಲ್ರೀ, ನನ್ನ ಕೈಯಾರೆ ಮಗೀನ ಕೆಡವಿದ್ನಲ್ರೀ" ಎಂದು ಇವಳು ತಲೆ ಚಚ್ಚಿಕೊಂಡು ಅಳುತ್ತಾಳೆ. ತಮ್ಮ ಮೇಲಿನ ಸಿಟ್ಟನ್ನು ಹೇಗೋ ನುಂಗಿಕೊಂಡೇನು, ಇವಳ ಅಳು ನೋಡಲಾರೆ. ಈಗ ಮಗಳನ್ನು ಶಾಲೆಗೆ ಕಳಿಸಲು ಒಪ್ಪುತ್ತಿಲ್ಲ. "ಓದದಿದ್ರೆ ಕತ್ತೆ ಬಾಲ, ಕಣ್ಮುಂದೆ ಇದ್ರೆ ಸಾಕು" ಅನ್ನುತ್ತಾಳೆ. ಮಗಳು ದಿನಾ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಲ್ಲುತ್ತಾಳೆ.

ಆದ್ದರಿಂದ, ಸವೆದ ಅಚ್ಚು ಕಿತ್ತು ಹೊಸದು ಹಾಕುವವರೆಗೆ ಆ ಕಾರ್ಖಾನೆಯ ಮಾತ್ರೆ ನಿಲ್ಲಿಸಿ. ಆಸ್ಪತ್ರೆಗೆ ಬಂದಿರುವುದನ್ನು ವಾಪಸು ತರಿಸಿ, ಗೀಟಿರುವುದನ್ನು ಕಳಿಸಿ. ಆಗುವುದಿಲ್ಲವೋ, ಒಂದು ಬೆಳಿಗ್ಗೆ ನಮ್ಮ ಮನೆಗೆ ದಯಮಾಡಿಸಿ. ಮಾತ್ರೆಯನ್ನು ಎಚ್ಚರಿಕೆಯಿಂದ ಮುರಿದು, ಯಾವ ತುಂಡು ಅರ್ಧವೆಂದು ತಾವೇ ಆರಿಸಿ ನನ್ನ ಮಗಳ ಬಾಯಿಗೆ ಹಾಕಿ. ಕೈ ಹಿಡಿದು ಶಾಲೆಗೆ ಬಿಟ್ಟು ಬನ್ನಿ. ಬಿಟ್ಟು ಬಂದುಬಿಡಬೇಡಿ. ಸಂಜೆ ಗಂಟೆ ಹೊಡೆಯುವವರೆಗೂ ಕಿಟಕಿಯಾಚೆ ನಿಂತು, ಈಗ ಬೀಳುತ್ತಾಳೋ ಇನ್ನೊಂದು ಗಳಿಗೆಗೆ ಬೀಳುತ್ತಾಳೋ ಎಂದು ಅವಳನ್ನೇ ನೋಡುತ್ತಿರಿ.

ಇಂತಿ,
ಮಾತ್ರೆ ಮುರಿಯುವ ಎಚ್ಚರಿಕೆ ಸಾಲದ ತಂದೆ,
ಮುರುಗೇಶಪ್ಪ, ಬಟ್ಟೆ ವ್ಯಾಪಾರಿ
ಹೊಳಲ್ಕೆರೆ, ಅಕ್ಟೋಬರ್ ೧೯೭೮